ಸೈತಾನನಿಗೆ ತಡೆಯಾದ ಅಕ್ಷರಗಳು

ಕ್ಯಾಥೊಲಿಕ್ ಕ್ರೈಸ್ತರ ಕೊರಳಲ್ಲಿ, ಜಪಸರದ ತುದಿಯಲ್ಲಿ, ಕೆಲವೊಮ್ಮೆ ಮನೆಬಾಗಿಲ ಮೇಲೆ ಕಾಣಸಿಗುವ ದುಂಡನೆಯ ಪುಟ್ಟ ಪದಕವೊಂದಿದೆ. ಒಂದು ಬದಿಯಲ್ಲಿ ನಿಲುವಂಗಿ ತೊಟ್ಟ ಗಡ್ಡದ ಸನ್ಯಾಸಿ. ಇನ್ನೊಂದು ಬದಿಯಲ್ಲಿ ಶಿಲುಬೆ. ಶಿಲುಬೆಯ ಮೈಮೇಲೂ ಸುತ್ತಲೂ ರೋಮನ್ ಲಿಪಿಯ ಬಿಡಿ ಅಕ್ಷರಗಳು: ವಿ, ಆರ್, ಎಸ್, ಎನ್, ಎಸ್, ಎಂ, ವಿ... ಕೂಡಿಸಿ ಓದಿದರೆ ಯಾವ ಪದವೂ ಆಗುವುದಿಲ್ಲ. ನೋಡಿದವರಿಗೆ ತಾಯತದೊಳಗಿನ ತಗಡಿನ ಮೇಲೆ ಕೊರೆದ ಬೀಜಾಕ್ಷರಗಳ ನೆನಪಾದರೆ ಆಶ್ಚರ್ಯವಿಲ್ಲ.

ಇದು ಸಂತ ಬೆನೆಡಿಕ್ಟರ ಪದಕ. ದೆವ್ವ, ಮಾಟ, ವಿಷ, ರೋಗರುಜಿನಗಳಿಂದ ಕಾಪಾಡುವ ವಸ್ತುವೆಂದು ಯೂರೋಪಿನಲ್ಲಿ ಇದಕ್ಕೆ ಮೂರು ಶತಮಾನಕ್ಕೂ ಮೀರಿದ ಹೆಸರಿದೆ. ಮನೆ ಕಟ್ಟುವಾಗ ತಳಪಾಯದಲ್ಲಿ ಹೂಳುವುದು, ಕಾಯಿಲೆ ಬಿದ್ದ ದನಗಳಿಗೆ ಪದಕ ಅದ್ದಿದ ನೀರು ಕುಡಿಸುವುದು ಮುಂತಾದ ರೂಢಿಗಳೂ ಬೆಳೆದವು. ಆದರೆ ಚರ್ಚ್ ಹೇಳುವ ಮಾತೇ ಬೇರೆ. ಲೋಹದ ಬಿಲ್ಲೆಗೆ ತನ್ನದೇ ಆದ ಶಕ್ತಿ ಯಾವುದೂ ಇಲ್ಲ. ಅದು ಒಂದು ಪ್ರಾರ್ಥನೆ, ಅಷ್ಟೆ. ಪ್ರಾರ್ಥನೆ ಹೇಗೆ ತಾಯತವಾಯಿತು ಎಂಬುದನ್ನು ಈ ಪದಕದ ಚರಿತ್ರೆಯೇ ಹೇಳುತ್ತದೆ.

ಬೆನೆಡಿಕ್ಟ್ ಹುಟ್ಟಿದ್ದು ಕ್ರಿ.ಶ. 480ರ ಸುಮಾರಿಗೆ, ಇಟಲಿಯ ನೂರ್ಸಿಯಾದಲ್ಲಿ. ಪಶ್ಚಿಮ ಯೂರೋಪಿನ ಮಠಜೀವನಕ್ಕೆ ನಿಯಮಾವಳಿ ಕೊಟ್ಟವರು ಅವರು. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗೊರಿ ಅವರ ಜೀವನಕಥೆಯನ್ನು ಬರೆದರು. ಬೆನೆಡಿಕ್ಟರ ಕಟ್ಟುನಿಟ್ಟು ಸಹಿಸಲಾಗದ ಕೆಲವು ಸನ್ಯಾಸಿಗಳು ದ್ರಾಕ್ಷಾರಸಕ್ಕೆ ವಿಷ ಬೆರೆಸಿ ಕೊಟ್ಟರಂತೆ. ಅವರು ಶಿಲುಬೆಯ ಗುರುತು ಮಾಡುತ್ತಿದ್ದಂತೆ ಪಾತ್ರೆ ಕಲ್ಲೇಟು ಬಿದ್ದಂತೆ ಒಡೆದುಹೋಯಿತು. ಇನ್ನೊಮ್ಮೆ, ಮತ್ಸರಗೊಂಡ ಪಾದ್ರಿಯೊಬ್ಬ ವಿಷದ ರೊಟ್ಟಿ ಕಳುಹಿಸಿದಾಗ ಕಾಗೆಯೊಂದು ಅದನ್ನು ಕಚ್ಚಿಕೊಂಡು ದೂರ ಒಯ್ದಿತು. ಪದಕದಲ್ಲಿ ಸಂತರ ಅಕ್ಕಪಕ್ಕ ಇರುವ ಬಟ್ಟಲು ಮತ್ತು ಕಾಗೆ ಇವೇ. ಗಮನಿಸಬೇಕಾದ ಸಂಗತಿಯೆಂದರೆ, ಈ ಎರಡೂ ಕಥೆಗಳಲ್ಲಿ ವಿಷವಿಟ್ಟವರು ಹೊರಗಿನ ಮಾಂತ್ರಿಕರಲ್ಲ, ಮಠದವರು ಮತ್ತು ಪಾದ್ರಿ!

ಅಕ್ಷರಗಳ ಗುಟ್ಟೂ ಈ ವಿಷದ ಕಥೆಗೆ ಹತ್ತಿರದ್ದು. ಪ್ರತಿಯೊಂದೂ ಒಂದು ಲ್ಯಾಟಿನ್ ಪದದ ಮೊದಲಕ್ಷರ. ಪವಿತ್ರ ಶಿಲುಬೆ ತನಗೆ ಬೆಳಕಾಗಲಿ, ಘಟಸರ್ಪ ತನಗೆ ದಾರಿ ತೋರುವುದು ಬೇಡ ಎಂಬ ಕೋರಿಕೆ ಶಿಲುಬೆಯ ಮೇಲಿನ ಅಕ್ಷರಗಳಲ್ಲಿದೆ. ಅಂಚಿನ ಅಕ್ಷರಗಳು ನೇರವಾಗಿ ಸೈತಾನನನ್ನೇ ಗದರುತ್ತವೆ. ತೊಲಗು, ಪೊಳ್ಳು ಆಸೆಗಳನ್ನು ತೋರಿಸಬೇಡ, ನೀನು ಕೊಡುವುದು ಕೆಟ್ಟದ್ದು, ನಿನ್ನ ವಿಷವನ್ನು ನೀನೇ ಕುಡಿದುಕೋ ಎಂಬುದು ಅವುಗಳ ತಾತ್ಪರ್ಯ. ಇಲ್ಲಿ ದೆವ್ವವೆಂದರೆ ಹುಣಸೆಮರದ ಮೇಲೆ ಕೂತಿರುವಂಥದಲ್ಲ, ಮನುಷ್ಯನ ಮನಸ್ಸಿಗೆ ಆಮಿಷ ಒಡ್ಡುವಂಥದು.

ಈ ಅರ್ಥ ಯಾವಾಗ ಮರೆತುಹೋಯಿತೋ ತಿಳಿಯದು. 1647ರ ಹೊತ್ತಿಗಂತೂ ಮರೆತುಹೋಗಿತ್ತು. ಆ ವರ್ಷ ದಕ್ಷಿಣ ಜರ್ಮನಿಯ ಬವೇರಿಯಾದಲ್ಲಿ, ನಾಟರ್ನ್‌ಬರ್ಗ್ ಎಂಬಲ್ಲಿ ಕೆಲವು ಹೆಂಗಸರ ಮೇಲೆ ಮಾಟಗಾತಿಯರೆಂಬ ಆರೋಪ ಹೊರಿಸಿ ವಿಚಾರಣೆ ನಡೆಸಲಾಯಿತು. ಹತ್ತಿರದ ಮೆಟೆನ್ ಮಠಕ್ಕೆ ಮಾತ್ರ ತಾವು ಏನೂ ಮಾಡಲಾಗಲಿಲ್ಲ, ಅದನ್ನು ಶಿಲುಬೆ ಕಾಯುತ್ತಿತ್ತು ಎಂದು ಅವರು ಹೇಳಿದರೆಂದು ಪ್ರತೀತಿ. ಮಠವನ್ನು ಹುಡುಕಿದಾಗ ಗೋಡೆಗಳ ಮೇಲೆ ಬರೆದಿದ್ದ ಶಿಲುಬೆಗಳು, ಅವುಗಳ ಸುತ್ತ ಇವೇ ಅಕ್ಷರಗಳು ಕಂಡವು. ಏನೆಂದು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ 1415ರಲ್ಲಿ ಬರೆದ ಹಸ್ತಪ್ರತಿಯೊಂದರಲ್ಲಿ ಬೆನೆಡಿಕ್ಟರ ಚಿತ್ರ ಸಿಕ್ಕಿತು. ಅವರ ಒಂದು ಕೈಯಲ್ಲಿ ಶಿಲುಬೆಯ ತುದಿಯ ಕೋಲು, ಇನ್ನೊಂದರಲ್ಲಿ ಸುರುಳಿ. ಎರಡರ ಮೇಲೂ ಪೂರ್ಣ ವಾಕ್ಯಗಳು. ಒಗಟು ಒಡೆಯಿತು. ಜರ್ಮನಿಯಲ್ಲಿ ಪದಕಗಳನ್ನು ಅಚ್ಚುಹಾಕತೊಡಗಿದರು. ಬೇಡಿಕೆ ಯೂರೋಪಿಗೆಲ್ಲ ಹಬ್ಬಿತು.

ಪದಕದ ಮಹಿಮೆ ಹೇಳುವ ಭಕ್ತಿಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಂದ ಮುಂದಕ್ಕೆ ಹೋಗಿಬಿಡುತ್ತವೆ. ಆದರೆ ಆ ಹೆಂಗಸರ ಮಾತಿನ ಬಳಿ ತುಸು ನಿಲ್ಲಬೇಕು. ಅಂದಿನ ಜರ್ಮನ್ ನಾಡುಗಳಲ್ಲಿ ಇಂಥ ವಿಚಾರಣೆಗಳಲ್ಲಿ ಚಿತ್ರಹಿಂಸೆ ಕಾನೂನು ಒಪ್ಪಿದ ಸಾಧನ. ಹೆಬ್ಬೆರಳು ಹಿಂಡಿಸಿಕೊಂಡವರು ಕೇಳಿದ್ದಕ್ಕೆಲ್ಲ ಹೌದೆನ್ನುತ್ತಿದ್ದರು. ಜೊತೆಗಾರರ ಹೆಸರು ಹೇಳೆಂದರೆ ನೆರೆಮನೆಯವಳ ಹೆಸರು ಹೇಳುತ್ತಿದ್ದರು. ಇದನ್ನು ಕಂಡು ಹೇಸಿದ ಫ್ರೆಡರಿಕ್ ಸ್ಪೇ ಎಂಬ ಜೆಸ್ವಿಟ್ ಪಾದ್ರಿ 1631ರಲ್ಲೇ ಲ್ಯಾಟಿನ್‌ನಲ್ಲಿ ಪುಸ್ತಕ ಬರೆದು, ಹೀಗೆ ಹಿಂಸಿಸಿದರೆ ಯಾರು ಬೇಕಾದರೂ ಮಾಟಗಾರರೆಂದು ಒಪ್ಪಿಕೊಳ್ಳುತ್ತಾರೆಂದು ವಾದಿಸಿದ್ದರು. ಪುಸ್ತಕದ ಮೇಲೆ ಅವರ ಹೆಸರಿರಲಿಲ್ಲ. ಹೆಸರು ಹಾಕಿಕೊಳ್ಳುವುದು ಅಷ್ಟು ಅಪಾಯ. ಮಾಟದ ಆರೋಪದ ಮೇಲೆ ಯೂರೋಪಿನಲ್ಲಿ ಕೊಲ್ಲಲ್ಪಟ್ಟವರು ಸುಮಾರು 40ರಿಂದ 60 ಸಾವಿರವೆಂದು ಇತಿಹಾಸಕಾರರ ಅಂದಾಜು. ಹೆಚ್ಚಿನವರು ಹೆಂಗಸರು. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ನಾಡುಗಳೆರಡೂ ಇದರಲ್ಲಿ ಹಿಂದೆ ಬೀಳಲಿಲ್ಲ.

ಅಂದರೆ ಪದಕಕ್ಕೆ ಸಿಕ್ಕ ದೊಡ್ಡ ಪ್ರಮಾಣಪತ್ರ ಆರೋಪಿಗಳ ಬಾಯಿಂದ ಬಂದದ್ದು. ದೆವ್ವದ ಭಯವೇ ಆ ಹೆಂಗಸರನ್ನು ಕಟಕಟೆಗೆ ತಂದಿತು; ಅದೇ ಭಯ ಪದಕವನ್ನು ಮನೆಮನೆಗೆ ಮುಟ್ಟಿಸಿತು.

ರೋಮ್ ಅವಸರ ಮಾಡಲಿಲ್ಲ. ಪೋಪ್ 14ನೆಯ ಬೆನೆಡಿಕ್ಟ್ ಈ ಪದಕಕ್ಕೆ ಅಧಿಕೃತ ಒಪ್ಪಿಗೆ ಕೊಟ್ಟಿದ್ದು 1741ರ ಡಿಸೆಂಬರ್ ಮತ್ತು 1742ರ ಮಾರ್ಚ್‌ನ ಆದೇಶಗಳಲ್ಲಿ, ಅಂದರೆ ಸುಮಾರು ನೂರು ವರ್ಷಗಳ ಬಳಿಕ. ಮಂತ್ರಿಸಿದ ನೀರು, ಉಪ್ಪು, ಮೇಣದ ಬತ್ತಿ, ಗರಿಗಳ ಭಾನುವಾರದ ಗರಿ, ಇವುಗಳ ಸಾಲಿಗೇ ಪದಕವೂ ಸೇರುತ್ತದೆ. ಜ್ಞಾನಸ್ನಾನ, ಪರಮಪ್ರಸಾದ ಮೊದಲಾದ ಏಳು ಸಂಸ್ಕಾರಗಳನ್ನು ಕ್ರಿಸ್ತನೇ ಸ್ಥಾಪಿಸಿದನೆಂದು ಕ್ಯಾಥೊಲಿಕರ ನಂಬಿಕೆ. ಈ ವಸ್ತುಗಳು ಹಾಗಲ್ಲ. ಚರ್ಚ್ ತಾನೇ ಗೊತ್ತುಮಾಡಿದವು, ಚರ್ಚಿನ ಪ್ರಾರ್ಥನೆ ಮತ್ತು ಧರಿಸುವವನ ಶ್ರದ್ಧೆಯಿಂದಷ್ಟೇ ಫಲ ಕೊಡುವಂಥವು. 1992ರಲ್ಲಿ ಪ್ರಕಟವಾದ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥ ತಾಯತ ಕಟ್ಟಿಕೊಳ್ಳುವುದನ್ನು ಖಂಡಿಸುತ್ತದೆ. ಮನಸ್ಸಿನ ಭಾವ ಬಿಟ್ಟು ಹೊರಗಿನ ಆಚರಣೆಯೊಂದರಿಂದಲೇ ಕೆಲಸವಾಗುತ್ತದೆಂದು ನೆಚ್ಚುವುದು ಮೂಢನಂಬಿಕೆ ಎಂದೂ ಹೇಳುತ್ತದೆ. ಗೆರೆ ಎಳೆದದ್ದಾಯಿತು. ಕೊರಳಲ್ಲಿ ಪದಕ ಹಾಕಿಕೊಂಡವರು ಗೆರೆಯ ಯಾವ ಬದಿಯಲ್ಲಿದ್ದಾರೆಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಈ ಇಬ್ಬಗೆ ಬೈಬಲಿನಷ್ಟೇ ಹಳೆಯದು. ಹೊಸ ಒಡಂಬಡಿಕೆಯಲ್ಲಿ ಪ್ರೇಷಿತರ ಕಾರ್ಯಗಳನ್ನು ಹೇಳುವ ಪುಸ್ತಕದ 19ನೆಯ ಅಧ್ಯಾಯದಲ್ಲಿ ಪೌಲನ ಮೈ ತಾಕಿದ ಕರವಸ್ತ್ರಗಳನ್ನು ಒಯ್ದು ರೋಗಿಗಳ ಮೇಲೆ ಹಾಕಿದರೆ ದುರಾತ್ಮಗಳು ಬಿಟ್ಟುಹೋಗುತ್ತಿದ್ದವೆಂದಿದೆ. ಅದೇ ಅಧ್ಯಾಯದಲ್ಲಿ, ಕೆಲವೇ ಸಾಲುಗಳ ಆಚೆ, ಸ್ಕೇವ ಎಂಬವನ ಏಳು ಮಕ್ಕಳು ಯೇಸುವಿನ ಹೆಸರನ್ನು ಮಂತ್ರದಂತೆ ಬಳಸಿ ದೆವ್ವ ಬಿಡಿಸಲು ಹೋಗುತ್ತಾರೆ. ಯೇಸು ಗೊತ್ತು, ಪೌಲ ಗೊತ್ತು, ನೀವು ಯಾರು ಎಂದು ದೆವ್ವವೇ ಅವರನ್ನು ಕೇಳುತ್ತದೆ. ದೆವ್ವ ಹಿಡಿದವನಿಂದ ಏಟು ತಿಂದು ಅವರು ಬೆತ್ತಲೆಯಾಗಿ ಓಡಿಹೋಗುತ್ತಾರೆ. ಮೊದಲ ಕಥೆ ಪದಕದ ಭಕ್ತರಿಗೆ ಆಧಾರ, ಎರಡನೆಯದು ಟೀಕಾಕಾರರಿಗೆ. ಹದಿನಾರನೆಯ ಶತಮಾನದ ಸುಧಾರಣೆಯ ನಂತರ ಬಹುತೇಕ ಪ್ರಾಟೆಸ್ಟೆಂಟರು ಮಂತ್ರಿಸಿದ ವಸ್ತುಗಳನ್ನು ಕೈಬಿಟ್ಟರು. ಆರ್ಥೊಡಾಕ್ಸ್ ಸಭೆಗಳಲ್ಲಿ ನೀರಿನ ಆಶೀರ್ವಾದ ಇಂದಿಗೂ ದೊಡ್ಡ ಹಬ್ಬ.

ಪದಕ ಧರಿಸಲು ಯಾರ ಅಪ್ಪಣೆಯೂ ಬೇಡ. ದೆವ್ವ ಬಿಡಿಸುವ ವಿಧಿ ಹಾಗಲ್ಲ. 1983ರ ಚರ್ಚ್ ಕಾನೂನಿನ ಪ್ರಕಾರ ಬಿಷಪ್ಪರ ವಿಶೇಷ ಅನುಮತಿ ಪಡೆದ ಪಾದ್ರಿ ಮಾತ್ರ ಅದನ್ನು ನಡೆಸಬಹುದು. ಕಾಯಿಲೆಯೋ ದೆವ್ವವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಮಾನಸಿಕ ರೋಗವಾದರೆ ಅದು ವೈದ್ಯರ ಕೆಲಸ ಎಂದು ಧರ್ಮೋಪದೇಶ ಗ್ರಂಥ ಹೇಳುತ್ತದೆ.

ಇಂದು ಹೆಚ್ಚಾಗಿ ಸಿಗುವ ಪದಕದ ಅಚ್ಚು 1880ರದು, ಬೆನೆಡಿಕ್ಟರ 1400ನೆಯ ಹುಟ್ಟುಹಬ್ಬಕ್ಕೆ ಸಿದ್ಧವಾದದ್ದು. ಅದರಲ್ಲಿ ಶಿಲುಬೆಯ ಮೇಲ್ಗಡೆ ‘ಪಾಕ್ಸ್’, ಅಂದರೆ ಶಾಂತಿ, ಎಂಬ ಪದವಿದೆ. ಸಂತರ ಚಿತ್ರದ ಸುತ್ತ ಇರುವ ಬರಹ ದೆವ್ವದ ಮಾತನ್ನೇ ಎತ್ತುವುದಿಲ್ಲ. ಸಾಯುವ ಗಳಿಗೆಯಲ್ಲಿ ಸಂತರು ಬಳಿಯಲ್ಲಿದ್ದು ಕಾಯಲಿ ಎಂಬುದಷ್ಟೇ ಅದರ ಬೇಡಿಕೆ. ಬೆನೆಡಿಕ್ಟರು ಶಿಷ್ಯರ ತೋಳಿನ ಆಸರೆಯಲ್ಲಿ ನಿಂತು, ಪ್ರಾರ್ಥಿಸುತ್ತಲೇ ಪ್ರಾಣ ಬಿಟ್ಟರೆಂದು ಗ್ರೆಗೊರಿ ಬರೆದಿದ್ದಾರೆ. ಹಿಂದೆ ಈ ಪದಕವನ್ನು ಮಂತ್ರಿಸುವ ಅಧಿಕಾರ ಬೆನೆಡಿಕ್ಟ್ ಪಂಥದ ಸನ್ಯಾಸಿಗಳದಾಗಿತ್ತು; ಈಗ ಯಾವ ಪಾದ್ರಿಯೂ ಮಂತ್ರಿಸಬಹುದು. ಸವೆದು ಹೋದದ್ದನ್ನು ಕಸಕ್ಕೆ ಎಸೆಯುವುದಿಲ್ಲ, ಮಣ್ಣಿನಲ್ಲಿ ಹೂಳುತ್ತಾರೆ.