ನಿಮಗಿದು ಗೊತ್ತೆ? ಹಲ್ಲು ಹೋದರೆ ಎಲುಬೂ ಕರಗುತ್ತದೆ!

ಹಲ್ಲು ಕಿತ್ತ ಗಾಯದ ಬಾಯಿ ಕೆಲವೇ ವಾರಗಳಲ್ಲಿ ಮುಚ್ಚುತ್ತದೆ. ಒಳಗೆ ಮಾತ್ರ ಬೇರೆಯೇ ಕತೆ. ಬೇರನ್ನು ಹಿಡಿದಿಡುವುದೇ ಕೆಲಸವಾಗಿದ್ದ ದವಡೆಯ ಎಲುಬು, ಬೇರಿಲ್ಲವಾದ ಮೇಲೆ ತಾನೂ ಕರಗತೊಡಗುತ್ತದೆ. ಒಂದೇ ವರ್ಷದಲ್ಲಿ ಆ ಜಾಗದ ಅಗಲ ಅರ್ಧದಷ್ಟು ಕುಗ್ಗಬಹುದು. ಹೆಚ್ಚಿನ ನಷ್ಟ ಮೊದಲ 3 ತಿಂಗಳಲ್ಲೇ. ಕೆನ್ನೆಯ ಕಡೆಯ ಗೋಡೆ ತೆಳು, ಮೊದಲು ಕುಸಿಯುವುದು ಅದು. ಬೊಚ್ಚುಬಾಯಿಯ ಅಜ್ಜಿಯ ಕೆನ್ನೆ ಗುಳಿ ಬೀಳುವುದಕ್ಕೂ ಹಲ್ಲಿನ ಸೆಟ್ಟು ವರ್ಷ ಕಳೆದಂತೆ ಸಡಿಲವಾಗುವುದಕ್ಕೂ ಇದೇ ಮುಖ್ಯ ಕಾರಣ.

ಈ ಸವೆತವನ್ನು ತಗ್ಗಿಸಲು, ಹಲ್ಲು ಕಿತ್ತ ಕೂಡಲೇ ಖಾಲಿ ಕುಳಿಗೆ ಎಲುಬಿನ ಪುಡಿ ತುಂಬಿ, ಮೇಲೆ ತೆಳು ಪೊರೆ ಹಾಸಿ ಹೊಲಿಗೆ ಹಾಕುತ್ತಾರೆ. ಇದೇ ಬೋನ್ ಗ್ರಾಫ್ಟ್. ಪುಡಿ ಚಪ್ಪರದಂತೆ: ದೇಹದ ಹೊಸ ಎಲುಬು ಅದರ ಮೇಲೆ ಬಳ್ಳಿಯಾಗಿ ಹಬ್ಬುತ್ತದೆ. 3ರಿಂದ 6 ತಿಂಗಳ ಬಳಿಕ ಅಲ್ಲಿ ಇಂಪ್ಲಾಂಟ್ ಕೂರಿಸಬಹುದು. ಸವೆತ ಪೂರ್ತಿ ನಿಲ್ಲದು, ಕಡಿಮೆಯಾಗುತ್ತದೆ ಅಷ್ಟೆ.

ಪುಡಿ ಬರುವುದೆಲ್ಲಿಂದ? ರೋಗಿಯದೇ ಎಲುಬು, ದಾನಿಗಳ ಎಲುಬು, ಸಂಸ್ಕರಿಸಿದ ದನದ ಎಲುಬು, ಇಲ್ಲವೇ ಕ್ಯಾಲ್ಸಿಯಂ ಫಾಸ್ಫೇಟ್‌ನಂಥ ಕೃತಕ ವಸ್ತು. ಪೊರೆಯ ಕೊಲಾಜನ್ ಹೆಚ್ಚಾಗಿ ದನ ಅಥವಾ ಹಂದಿಯದು. ಸಸ್ಯಾಹಾರಿಗಳು ಕೇಳಿಯೇ ಒಪ್ಪುವುದು ಒಳ್ಳೆಯದು!

ಬುದ್ಧಿಹಲ್ಲು ತೆಗೆದಾಗ ಸಾಮಾನ್ಯವಾಗಿ ಬೋನ್ ಗ್ರಾಫ್ಟ್‌ನ ಅಗತ್ಯವಿಲ್ಲ. ಉಳಿದ ಹಲ್ಲಾದರೆ, ಬೇಕೇ ಬೇಡವೇ ಎಂದು ಹಲ್ಲು ಕೀಳಿಸುವ ಮೊದಲೇ ದಂತವೈದ್ಯರನ್ನು ಕೇಳಿ.