ಊರಿನ ನಾಳೆಯ ಚಿತ್ರ

ಅಡುಗೆಮನೆ ಕಟ್ಟುವಾಗ ಮೇಸ್ತ್ರಿಯಾದರೂ ಒಂದು ಮಾತು ಕೇಳುತ್ತಾನೆ, "ಅಮ್ಮಾ, ಕಟ್ಟೆ ಎಷ್ಟು ಎತ್ತರ ಇರಲಿ?" ಅಂತ. ಊರು ಕಟ್ಟುವಾಗ ನಿಮ್ಮನ್ನು ಯಾರಾದರೂ ಕೇಳಿದ್ದುಂಟೇ ಸೋದರಿಯರೇ?

ಕೆಲವು ವರ್ಷಗಳ ಹಿಂದೆ ಅತ್ತೆಯವರನ್ನು ಕರಕೊಂಡು ಬೆಂಗಳೂರಿಗೆ, ತಂಗಿಯ ಮನೆಗೆ ಹೋಗಿದ್ದೆ. ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಗೋಡೆಯ ಮೇಲೆ ಚಿತ್ರಗಳು! ಜಾಹೀರಾತೇನೋ ಅಂದುಕೊಂಡೆ. "ಅಲ್ಲ ದೊಡ್ಡಮ್ಮ, ಕಾಲೇಜಿನ ಮಕ್ಕಳು ಮಾಡಿದ್ದು" ಎಂದಳು ತಂಗಿಯ ಮಗಳು.

ಕಾಲೇಜೆಂದರೆ ಯಲಹಂಕದ ಸೃಷ್ಟಿ ಕಲೆ ಮತ್ತು ವಿನ್ಯಾಸ ಸಂಸ್ಥೆ. 1996ರಲ್ಲಿ ಶುರುವಾದದ್ದು, ಈಗ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಸೇರಿದೆ. 2014ರಲ್ಲಿ ಪೀಣ್ಯಕ್ಕೆ ಮೆಟ್ರೋ ಬಂದಿತಲ್ಲ, ಆ ನಿಲ್ದಾಣವನ್ನೇ ಮಕ್ಕಳು ಪಾಠಶಾಲೆ ಮಾಡಿಕೊಂಡರು. 'ಆರ್ಟ್ ಇನ್ ಟ್ರಾನ್ಸಿಟ್' ಅಂತ ಅದರ ಹೆಸರು. ಪೀಣ್ಯ ಅಂದರೆ ಬರೀ ಕಾರ್ಖಾನೆಗಳ ಜಾಗ. ಅಲ್ಲಿ ದುಡಿಯುವವರು ಯಾರು, ರೈಲು ಬಂದ ಮೇಲೆ ಅಲ್ಲಿಯ ಬದುಕು ಹೇಗಾದೀತು ಎಂದು ಮೊದಲು ಸುತ್ತಾಡಿ ವಿಚಾರಿಸಿ, ಆಮೇಲೆ ಗೋಡೆ, ಕಂಬಗಳಿಗೆ ಬಣ್ಣ ಹಚ್ಚಿದರಂತೆ. 2016ರಲ್ಲಿ ತೆರೆದ ಕಬ್ಬನ್ ಪಾರ್ಕ್ ನಿಲ್ದಾಣಕ್ಕೆ ಬಂದದ್ದು ಅದಾದ ಮೇಲೆ.

ಮೊದಲು ಕೇಳುವುದು, ಆಮೇಲೆ ಬಿಡಿಸುವುದು. ನನಗೆ ಹಿಡಿಸಿದ್ದು ಅದೇ.

ಅತ್ತೆ ಮಾತ್ರ ಸುತ್ತ ನೋಡಿ, "ಚಿತ್ರ ಚಂದ ಇತ್ತ್, ಕೂಕಂಬುಕೆ ಜಾಗ ಎಲ್ಲಿತ್ತ್?" ಅಂದರು. ಮಕ್ಕಳೆದುರು ಹೀಗನ್ನಬೇಕೇ ಅಂತ ನನಗೆ ಸಿಟ್ಟೇ ಬಂತು.

ಕುಂದಾಪುರಕ್ಕೆ ಮರಳಿ ಶಾಸ್ತ್ರಿ ಸರ್ಕಲ್ಲಿನಲ್ಲಿ ಬಸ್ಸಿಳಿದಾಗ ಅದೇ ಮಾತು ನೆನಪಾಯಿತು. ಇಲ್ಲಿಯ ಮೇಲ್ಸೇತುವೆ ಕೆಲಸ ವರ್ಷಗಟ್ಟಲೆ ಎಳೆಯಿತು, ನಿಮಗೂ ಗೊತ್ತು. ತಲೆಯ ಮೇಲೆ ಮೀನು ಬುಟ್ಟಿ ಹೊತ್ತವಳು ಎಲ್ಲಿ ದಾಟಬೇಕು, ನಾಲ್ಕು ತಿಂಗಳ ಮಳೆಯಲ್ಲಿ ಬಸ್ಸಿಗೆ ಎಲ್ಲಿ ನಿಲ್ಲಬೇಕು? ನನ್ನನ್ನಂತೂ ಯಾರೂ ಕೇಳಲಿಲ್ಲ. ಬೈಂದೂರು, ಬ್ರಹ್ಮಾವರ ಎರಡೂ ಈಗ ತಾಲ್ಲೂಕು ಕೇಂದ್ರಗಳು. ಕಚೇರಿ, ಅಂಗಡಿ, ರಸ್ತೆ ಏಳುತ್ತಲೇ ಇವೆ. ಅಲ್ಲಿಯ ಸೋದರಿಯರು ಕಾಂಕ್ರೀಟು ಬೀಳುವ ಮುಂಚೆಯೇ ಬಾಯಿ ಬಿಡುವುದು ಒಳ್ಳೆಯದು.

ರಜೆಯಲ್ಲಿ ನಮ್ಮ ಕೇರಿಯ ಮಕ್ಕಳಿಗೆ ಡ್ರಾಯಿಂಗ್ ಹಾಳೆ ಕೊಟ್ಟು, "ನೀವು ದೊಡ್ಡವರಾದಾಗ ನಮ್ಮೂರು ಹೇಗಿರಬೇಕು, ಬಿಡಿಸಿ" ಅಂದೆ. ಚಕ್ಕುಲಿಯ ಆಸೆಗೆ ಎಲ್ಲರೂ ಕೂತರು. ಗಂಡುಹುಡುಗರು ಪಂಚಗಂಗಾವಳಿಯ ಮೇಲೆ ಮೆಟ್ರೋ ಓಡಿಸಿಬಿಟ್ಟರು! ಪಕ್ಕದ ಮನೆಯ ಹುಡುಗಿ ಬಿಡಿಸಿದ್ದು ಒಂದು ಉದ್ದ ಮಾಡು, ಕೆಳಗೆ ಬೆಂಚು. "ಮಳೆಗೆ ಅಮ್ಮ ಪಾಪುವನ್ನು ಎತ್ತಿಕೊಂಡೇ ನಿಲ್ತಾಳಲ್ಲ" ಅಂದಳು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಅದ್ರ ಬದಿಗೆ ಹೆಂಗಸ್ರಿಗೆ ಒಂದ್ ಪಾಯಿಖಾನೆ ಬರಿ ಮಗಾ."

ಅವಳು ಬಿಡಿಸಿದಳು. ಬಾಗಿಲು ಬಸ್ಸಿಗೆ ಕಾಯುವವರ ಎದುರಿಗೇ ಬಂತು. ಅತ್ತೆ ರಬ್ಬರ್ ಇಸಕೊಂಡು ಅಳಿಸಿ, ಪಕ್ಕಕ್ಕೆ ತಿರುಗಿಸಿ ಕೊಟ್ಟರು.