ವಾಹನದ 'ಸೆಲ್ಫ್' ಕೆಲಸ ಮಾಡುವ ಬಗೆ: ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ಸರಕು ತುಂಬಿ ಹೊರಡಲು ಸಿದ್ಧವಾಗಿರುವ ವಾಹನವು ಬೆಳಿಗ್ಗೆ ಕೀಲಿ ತಿರುಗಿಸಿದಾಗ ಚಾಲೂ ಆಗದಿದ್ದರೆ ಆ ದಿನದ ವ್ಯವಹಾರವೇ ಏರುಪೇರಾಗುತ್ತದೆ. ಗ್ರಾಹಕರಿಗೆ ಕೊಟ್ಟ ಮಾತು ತಪ್ಪುತ್ತದೆ. ಆಳುಗಳು ಕೆಲಸವಿಲ್ಲದೆ ಕುಳಿತಿರಬೇಕಾಗುತ್ತದೆ. ಇಂತಹ ಸಂದರ್ಭದಲ್ಲಿ 'ಸೆಲ್ಫ್ ಹೋಗಿದೆ' ಎಂದು ಆತುರದಿಂದ ತೀರ್ಮಾನಿಸಿ ಮೋಟಾರನ್ನೇ ಬದಲಿಸುವುದುಂಟು. ಆದರೆ ನಿಜವಾದ ದೋಷವು ಕಿಲುಬು ಹಿಡಿದ ಬ್ಯಾಟರಿ ಟರ್ಮಿನಲ್ಲಿನಲ್ಲಿ ಇದ್ದಿರಬಹುದು. ಈ ವ್ಯವಸ್ಥೆಯ ಪರಿಚಯವಿದ್ದರೆ ಅನಗತ್ಯ ವೆಚ್ಚವನ್ನು ತಪ್ಪಿಸಬಹುದು.

ಕ್ಯಾಶ್ ರಿಜಿಸ್ಟರಿನಿಂದ ಕಾರಿಗೆ

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ತಾನಾಗಿ ಚಲನೆ ಆರಂಭಿಸಲಾರದು. ಪಿಸ್ಟನ್ ಚಲಿಸಿ, ಗಾಳಿಯನ್ನು ಒಳಗೆಳೆದು ಒತ್ತಿದ ಬಳಿಕವಷ್ಟೇ ಇಂಧನ ಉರಿಯುತ್ತದೆ. ಆದ್ದರಿಂದ ಮೊದಲ ಕೆಲವು ಸುತ್ತುಗಳನ್ನು ಹೊರಗಿನ ಶಕ್ತಿಯಿಂದಲೇ ತಿರುಗಿಸಬೇಕು. ಹಿಂದೆ ಇದಕ್ಕಾಗಿ ಕಬ್ಬಿಣದ ಹ್ಯಾಂಡಲ್ ಹೊಡೆಯಬೇಕಾಗಿತ್ತು; ಎಂಜಿನ್ ಹಿಂದಕ್ಕೆ ಒದ್ದಾಗ ಕೈ ಮುರಿಯುತ್ತಿದ್ದುದೂ ಉಂಟು.

ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಅದಕ್ಕೂ ಮೊದಲು ಅವರು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟಾರು ಅಳವಡಿಸಿದ್ದರೆಂಬುದು ವರ್ತಕರಿಗೆ ಸ್ವಾರಸ್ಯಕರ ಸಂಗತಿ. ಕ್ಷಣಕಾಲ ಮಾತ್ರ ದುಡಿಯುವುದಾದರೆ ಚಿಕ್ಕ ಮೋಟಾರೂ ದೊಡ್ಡ ಬಲವನ್ನು ನೀಡಬಲ್ಲದು ಎಂಬ ತತ್ತ್ವವೇ ಎರಡಕ್ಕೂ ಆಧಾರ.

ಕೀಲಿಯಿಂದ ಎಂಜಿನ್‌ವರೆಗೆ

ಕೀಲಿ ತಿರುಗಿಸಿದಾಗ ಅಲ್ಪ ಪ್ರಮಾಣದ ವಿದ್ಯುತ್ತು ಸೊಲೆನಾಯ್ಡಿಗೆ ತಲುಪುತ್ತದೆ. ಸೊಲೆನಾಯ್ಡ್ ಎರಡು ಕೆಲಸ ಮಾಡುತ್ತದೆ. ಮೋಟಾರಿನ ಚಿಕ್ಕ ಹಲ್ಲುಗಾಲಿಯನ್ನು ಮುಂದೆ ತಳ್ಳಿ ಫ್ಲೈವೀಲಿನ ಅಂಚಿನ ಹಲ್ಲುಗಳಿಗೆ ಜೋಡಿಸುತ್ತದೆ; ಜೊತೆಗೆ ಬ್ಯಾಟರಿಯಿಂದ ಮೋಟಾರಿಗೆ ಹೋಗುವ ದಪ್ಪ ಕೇಬಲಿನ ಸಂಪರ್ಕವನ್ನು ಕೂಡಿಸುತ್ತದೆ. ಚಿಕ್ಕ ಗಾಲಿ ಹತ್ತಕ್ಕೂ ಹೆಚ್ಚು ಬಾರಿ ಸುತ್ತಿದಾಗ ಫ್ಲೈವೀಲ್ ಒಂದು ಸುತ್ತು ಸುತ್ತುವುದರಿಂದ ಮೋಟಾರಿನ ಬಲವು ಅಷ್ಟೇ ಪಾಲು ವೃದ್ಧಿಸುತ್ತದೆ. ಎಂಜಿನ್ ಚಾಲೂ ಆದೊಡನೆ ಅದರ ವೇಗವು ಮೋಟಾರಿಗೆ ತಾಗದಂತೆ ಏಕಮುಖ ಕ್ಲಚ್ ತಡೆಯುತ್ತದೆ. ಕೀಲಿ ಬಿಟ್ಟಾಗ ಸ್ಪ್ರಿಂಗ್ ಗಾಲಿಯನ್ನು ಹಿಂದಕ್ಕೆ ಸೆಳೆಯುತ್ತದೆ. ಗುಂಡಿ ಒತ್ತಿ ಚಾಲೂ ಮಾಡುವ ವಾಹನಗಳಲ್ಲಿ ಕೀಲಿಯ ಬದಲು ನಿಯಂತ್ರಣ ಘಟಕವು ಆಜ್ಞೆ ನೀಡುತ್ತದೆ; ಉಳಿದ ಭಾಗಗಳ ಕೆಲಸ ಬಹುತೇಕ ಇದೇ.

ದೀಪ ಉರಿದರೂ ಮೋಟಾರು ತಿರುಗದೇಕೆ?

'ದೀಪ ಚೆನ್ನಾಗಿ ಉರಿಯುತ್ತಿದೆ, ಆದ್ದರಿಂದ ಬ್ಯಾಟರಿ ಸರಿಯಾಗಿದೆ' ಎಂಬ ವಾದವನ್ನು ಆಗಾಗ್ಗೆ ಕೇಳುತ್ತೇವೆ. ಇದು ಸರಿಯಲ್ಲ. ಸಾಮಾನ್ಯ ಹ್ಯಾಲೊಜನ್ ಹೆಡ್‌ಲೈಟುಗಳೆರಡಕ್ಕೂ ಸೇರಿ ಸುಮಾರು 10 ಆಂಪಿಯರ್ ಸಾಕು. ಸ್ಟಾರ್ಟರ್ ಮೋಟಾರಿಗೆ ಸಣ್ಣ ಕಾರಿನಲ್ಲಿಯೂ 100ರಿಂದ 200 ಆಂಪಿಯರ್ ಬೇಕು. ಡೀಸೆಲ್ ವಾಹನಗಳಿಗೆ ಇನ್ನೂ ಹೆಚ್ಚು.

ಟರ್ಮಿನಲ್ಲಿನ ಕಿಲುಬು ಒಂದು ಓಮ್‌ನ ನೂರರಲ್ಲೊಂದು ಭಾಗದಷ್ಟು ರೋಧ ಒಡ್ಡಿತೆನ್ನೋಣ. 10 ಆಂಪಿಯರ್ ಹರಿದಾಗ ನಷ್ಟವಾಗುವುದು ಕೇವಲ 0.1 ವೋಲ್ಟ್. 150 ಆಂಪಿಯರ್ ಹರಿಯುವಾಗ 1.5 ವೋಲ್ಟ್ ನಷ್ಟ. ಪೂರ್ಣ ಚಾರ್ಜ್ ಆದ ಬ್ಯಾಟರಿಯ ಒತ್ತಡವೇ ಸುಮಾರು 12.6 ವೋಲ್ಟ್, ಎಂಜಿನ್ ತಿರುಗಿಸುವಾಗ ಅದು ತಾನಾಗಿಯೂ ಕುಸಿಯುತ್ತದೆ. ಅದರ ಮೇಲೆ ಈ ನಷ್ಟವೂ ಸೇರಿದರೆ ಮೋಟಾರು ಸೋಲುತ್ತದೆ.

ಲಕ್ಷಣದಿಂದ ದೋಷದ ಪತ್ತೆ

ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿರಿ.

1. ದೀಪ ತೀರಾ ಮಂಕಾದರೆ ಅಥವಾ 'ಟಕ್‌ಟಕ್' ಸದ್ದು ಬೇಗಬೇಗನೆ ಬಂದರೆ: ಮೊದಲು ಬ್ಯಾಟರಿ, ಟರ್ಮಿನಲ್ ಮತ್ತು ಅರ್ಥ್ ಕೇಬಲನ್ನು ಪರೀಕ್ಷಿಸಿರಿ.
2. ದೀಪ ಮಂಕಾಗದೆ ಏನೂ ಸದ್ದಿಲ್ಲದಿದ್ದರೆ: ಕೀಲಿ ಸ್ವಿಚ್, ರಿಲೇ, ಸೊಲೆನಾಯ್ಡ್ ಅಥವಾ ಅದರ ತಂತಿಯಲ್ಲಿ ದೋಷವಿರಬಹುದು.
3. ಒಂದೇ ಬಾರಿ 'ಟಕ್' ಎಂದು ಸುಮ್ಮನಾದರೆ, ದೀಪವೂ ಮಂಕಾಗದಿದ್ದರೆ: ಸೊಲೆನಾಯ್ಡಿನ ಒಳಸಂಪರ್ಕ ಅಥವಾ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು.
4. ಮೋಟಾರು ಮಾತ್ರ ಸುಂಯ್ಯೆಂದು ಸುತ್ತಿ ಎಂಜಿನ್ ಅಲುಗದಿದ್ದರೆ: ಹಲ್ಲುಗಾಲಿ ಅಥವಾ ಏಕಮುಖ ಕ್ಲಚ್ ಹಾಳಾಗಿರಬಹುದು.
5. ಎಂಜಿನ್ ಚೆನ್ನಾಗಿ ತಿರುಗಿಯೂ ಚಾಲೂ ಆಗದಿದ್ದರೆ: 'ಸೆಲ್ಫ್' ನಿರ್ದೋಷಿ, ಇಂಧನ ಪೂರೈಕೆ ಅಥವಾ ದಹನ ವ್ಯವಸ್ಥೆಯನ್ನು ನೋಡಬೇಕು.

ಪಾಲಿಸಬೇಕಾದ ಕ್ರಮಗಳು

ಹತ್ತು ಸೆಕೆಂಡಿಗಿಂತ ಹೆಚ್ಚು ಕಾಲ ಸತತವಾಗಿ ಸೆಲ್ಫ್ ಹೊಡೆಯಬಾರದು. ನಡುವೆ ಒಂದು ನಿಮಿಷ ಬಿಡುವು ಕೊಡದಿದ್ದರೆ ಮೋಟಾರಿನ ಸುರುಳಿ ಸುಡುವ ಅಪಾಯವಿದೆ. ಟರ್ಮಿನಲ್ಲುಗಳನ್ನು ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸಬೇಕು. ಕಿಲುಬನ್ನು ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಒಣಗಿಸಿ, ಬಿಗಿಯಾಗಿ ಕೂಡಿಸಿ, ಮೇಲೆ ವ್ಯಾಸಲೀನ್ ಸವರುವುದು ಒಳ್ಳೆಯದು.

ಹೊಸ ಮೋಟಾರಿಗೆ ಒಪ್ಪಿಗೆ ಕೊಡುವ ಮುನ್ನ, ಎಂಜಿನ್ ತಿರುಗಿಸುತ್ತಿರುವಾಗಲೇ ಬ್ಯಾಟರಿಯಲ್ಲಿಯೂ ಮೋಟಾರಿನ ತುದಿಯಲ್ಲಿಯೂ ವೋಲ್ಟೇಜ್ ಅಳೆದು ತೋರಿಸುವಂತೆ ಮೆಕ್ಯಾನಿಕ್ಕರನ್ನು ಕೇಳಿರಿ. ಎರಡರ ನಡುವೆ ಹೆಚ್ಚು ವ್ಯತ್ಯಾಸವಿದ್ದರೆ ದೋಷ ದಾರಿಯಲ್ಲಿದೆಯೇ ಹೊರತು ಮೋಟಾರಿನಲ್ಲಲ್ಲ. ತೂಕ ಮಾಡದೆ ಸರಕು ಕೊಳ್ಳದ ವರ್ತಕರು, ಅಳೆಯದೆ ಬಿಡಿಭಾಗವನ್ನೂ ಕೊಳ್ಳಬಾರದು.